ಪಂಪ್ ಬದಲಾದರೆ ಪಿ-101 ಅದೇನಾ? ಬಿಎಫ್‌ಒ ಮತ್ತು ಐಎಸ್‌ಒ 15926

ನೀರೆತ್ತುವ ಘಟಕವೊಂದರ ಡೇಟಾವನ್ನು ಎರಡು ಆಂಟಾಲಜಿಗಳಲ್ಲಿ (ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಅಂತ ಕಂಪ್ಯೂಟರಿಗೆ ತಿಳಿಯುವಂತೆ ಬರೆಯುವ ಚೌಕಟ್ಟುಗಳಲ್ಲಿ) ಬರೆದು ನೋಡಿದೆ. ಒಂದು ಬಿಎಫ್‌ಒ (ಬೇಸಿಕ್ ಫಾರ್ಮಲ್ ಆಂಟಾಲಜಿ), 2021ರಲ್ಲಿ ಐಎಸ್‌ಒ/ಐಇಸಿ 21838-2 ಎಂಬ ಅಂತಾರಾಷ್ಟ್ರೀಯ ಮಾನದಂಡವಾಗಿ ಬಂದದ್ದು. ಇನ್ನೊಂದು ಐಎಸ್‌ಒ 15926ರ ಎರಡನೇ ಭಾಗ, 2003ರದು, ತೈಲ ಮತ್ತು ಅನಿಲ ಘಟಕಗಳ ಕಡೆಯಿಂದ ಬಂದದ್ದು. ಪ್ರಶ್ನೆ ಒಂದೇ. ನಕ್ಷೆಯಲ್ಲಿ ಪಿ-101 ಅಂತ ಟ್ಯಾಗ್ ಇರುವ ಕಡೆ ಹಳೆ ಪಂಪ್ ಕಳಚಿ ಹೊಸದು ಕೂರಿಸಿದರೆ, ಓಡಿದ ಗಂಟೆಗಳು ಯಾರ ಲೆಕ್ಕಕ್ಕೆ?

ಬಿಎಫ್‌ಒ ಕಲಿಯುವುದು ಸುಲಭ. ವಸ್ತುಗಳು ಒಂದು ಕಡೆ, ನಡೆಯುವ ಸಂಗತಿಗಳು ಇನ್ನೊಂದು ಕಡೆ. ಪಿ-101 ಅನ್ನು 'ರೋಲ್', ಅಂದರೆ ಪಂಪ್ ವಹಿಸುವ ಪಾತ್ರ, ಮಾಡಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗಲ್ಲ. ಅಲ್ಲಿ ರೋಲ್ ತನ್ನನ್ನು ಹೊತ್ತ ವಸ್ತುವಿಗೇ ಅಂಟಿರುತ್ತದೆ, ಹೊಸ ಪಂಪಿಗೆ ದಾಟುವುದಿಲ್ಲ. ಇನ್ನೊಂದು ತೊಡಕು ಆಂಟಾಲಜಿ ಬರೆಯುವ ಓಡಬ್ಲ್ಯುಎಲ್ ಭಾಷೆಯದು. ಅದರಲ್ಲಿ ಸಂಬಂಧಕ್ಕೆ ಎರಡೇ ತುದಿ, 'ಯಾವಾಗ' ಅನ್ನುವುದಕ್ಕೆ ಜಾಗವಿಲ್ಲ. ಹಾಗಾಗಿ ಬಿಎಫ್‌ಒದ 2020ರ ಆವೃತ್ತಿಯಲ್ಲಿ 'ಎಲ್ಲ ಕಾಲದಲ್ಲೂ', 'ಯಾವುದೋ ಕಾಲದಲ್ಲಿ' ಎಂಬ ಜೋಡಿ ಸಂಬಂಧಗಳಿವೆ. 'ಈ ಪಂಪ್ ಯಾವುದೋ ಕಾಲದಲ್ಲಿ ಇಲ್ಲಿತ್ತು' ಅಂದರೆ ಮೇಂಟೆನೆನ್ಸ್‌ನವರು ನಗುತ್ತಾರೆ, ಅಲ್ವಾ? ಕೊನೆಗೆ ಕೂರಿಸಿದ್ದು, ಕಳಚಿದ್ದು, ಓಡಿದ್ದು ಎಲ್ಲವನ್ನೂ ಪ್ರತ್ಯೇಕ ಘಟನೆಗಳಾಗಿ ಬರೆದು ತಾರೀಖು ಹಾಕಿದೆ. ಉತ್ತರ ಬಂತು. ಆದರೆ ಪಿ-101 ಬರೀ ಒಂದು ಜಾಗವಾಗಿ ಉಳಿಯಿತು.

15926ರಲ್ಲಿ ಪಂಪ್ ಅಂದರೆ ಕಾರ್ಖಾನೆಯಿಂದ ಗುಜರಿವರೆಗಿನ ಅದರ ಇಡೀ ಆಯುಷ್ಯ. ಪಿ-101 ಕೂಡ ಆಯುಷ್ಯವಿರುವ ವಸ್ತುವೇ. ಪಂಪ್ ಅಲ್ಲಿ ಕೂತಿದ್ದ ಅವಧಿಯ ತುಂಡು ಇಬ್ಬರಿಗೂ ಸೇರಿದ್ದು. ಗಂಟೆಗಳನ್ನು ಆ ತುಂಡಿಗೆ ಬರೆದರೆ ಸಾಕು, ಪಂಪಿನ ಮೊತ್ತವೂ ಟ್ಯಾಗಿನ ಮೊತ್ತವೂ ತಾನಾಗಿ ಸಿಗುತ್ತದೆ. ಇದು ನನಗೆ ನಿಜಕ್ಕೂ ಇಷ್ಟವಾಯಿತು. ಹಾಗಂತ ವಿಚಿತ್ರಗಳೂ ಇವೆ: ಹಳೆಯದು ತೆಗೆದು ಹೊಸದು ಬರುವವರೆಗೆ ಪಿ-101 ಇರಲೇ ಇಲ್ಲ ಅನ್ನಬೇಕಾಗುತ್ತದೆ. ಮೀಟಿಂಗಿನಲ್ಲಿ ಇದನ್ನು ಹೇಳಿ ನೋಡಿ! ಭಾರವೂ ಜಾಸ್ತಿ. 201 ಬಗೆಯ ಎಂಟಿಟಿಗಳು, ಮೂಲ ಬರೆದಿರುವುದು ಎಕ್ಸ್‌ಪ್ರೆಸ್ ಎಂಬ ಡೇಟಾ ಮಾದರಿಯ ಭಾಷೆಯಲ್ಲಿ, ಸಣ್ಣ ಕ್ವೆರಿಯೂ ಆ ತುಂಡುಗಳನ್ನು ಹಾದೇ ಹೋಗಬೇಕು.

ಸೆನ್ಸರ್ ರೀಡಿಂಗ್‌ಗಳನ್ನು ಎರಡಕ್ಕೂ ಕೊಡಲಿಲ್ಲ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಸೋಸಾ (2017) ಎಂಬ ಸೆನ್ಸರ್ ಆಂಟಾಲಜಿ ಸಾಕು. ಸಂಗತಿ ನಡೆದ ಹೊತ್ತು, ಫಲಿತಾಂಶ ಸಿಕ್ಕ ಹೊತ್ತು ಎರಡನ್ನೂ ಅದು ಬೇರೆ ಬೇರೆ ಇಡುತ್ತದೆ.

ಬಿಡಿಭಾಗ ಬದಲಾಗುತ್ತಲೇ ಇರುವ ಘಟಕಕ್ಕೆ ನನ್ನ ಓಟು 15926ರ ಯೋಚನೆಗೆ, ಅದರಲ್ಲಿ ಬೇಕಾದ ಹತ್ತಾರು ಬಗೆಗಳನ್ನಷ್ಟೇ ಎತ್ತಿಕೊಂಡು. ಯಂತ್ರಗಳನ್ನು ವಿಂಗಡಿಸುವುದೇ ಮುಖ್ಯ ಕೆಲಸವಾದರೆ ಬಿಎಫ್‌ಒ. ಎರಡನ್ನೂ ಒಂದೇ ಫೈಲಿನಲ್ಲಿ ಬೆರೆಸಲು ಮಾತ್ರ ಹೋಗಬೇಡಿ. ಬಿಎಫ್‌ಒದಲ್ಲಿ ವಸ್ತುವಿಗೆ ಕಾಲದ ತುಂಡುಗಳೇ ಇಲ್ಲ. ಪಂಪನ್ನು ಎರಡೂ ಕಡೆ ಸೇರಿಸಿದರೆ ರೀಸನರ್ (ತರ್ಕ ಪರೀಕ್ಷಿಸುವ ತಂತ್ರಾಂಶ) ವಿರೋಧಾಭಾಸ ಅಂತ ಕೈಚೆಲ್ಲುತ್ತದೆ.