ಹಿಡಿ ಬಿಟ್ಟು ಹಾರಿದ ಕ್ಯಾಂಪಿಂಗ್ ಚಾಕು: ಕೊಳ್ಳುವ ಮುಂಚೆ ಇದನ್ನು ಓದಿ

ಕನಕಪುರದ ಆಚೆ ಒಂದು ತೋಟದಲ್ಲಿ ಕ್ಯಾಂಪ್ ಹಾಕಿದ್ದಾಗ, ಆನ್‌ಲೈನ್‌ನಲ್ಲಿ ತರಿಸಿದ್ದ ಹೊಸ ‘ಸರ್ವೈವಲ್’ ಚಾಕುವಿನಿಂದ ಒಬ್ಬರು ಸೌದೆ ಕಡಿಯುತ್ತಿದ್ದರು. ಅಲಗು ಹಿಡಿಯಿಂದ ಕಿತ್ತುಕೊಂಡು ನೇರ ಮುಂದಕ್ಕೆ ಹಾರಿತು. ಆ ಕಡೆ ಯಾರೂ ಕೂತಿರದಿದ್ದುದರಿಂದ ಜೀವ ಉಳಿಯಿತು.

ಮುರಿದ ತುಂಡು ನೋಡಿದರೆ ಕಾರಣ ಸ್ಪಷ್ಟ. ಹಿಡಿ ಟೊಳ್ಳು, ಒಳಗೆ ಬೆಂಕಿಕಡ್ಡಿ ಇಡಲು ಜಾಗ, ತುದಿಯ ಮುಚ್ಚಳದಲ್ಲಿ ದಿಕ್ಸೂಚಿ. ಅಲಗಿನ ಬುಡಕ್ಕೆ ಸಣ್ಣದೊಂದು ಬೋಲ್ಟ್ ವೆಲ್ಡ್ ಮಾಡಿ ಹಿಡಿಗೆ ತಿರುಗಿಸಿದ್ದರು, ಮುರಿದದ್ದು ಆ ವೆಲ್ಡಿನಲ್ಲೇ. ಪ್ರತಿ ಏಟಿನ ಪೆಟ್ಟೂ ಅಗಲವಾದ ಅಲಗು ಸಣ್ಣ ಬೋಲ್ಟಿಗೆ ಸೇರುವ ಮೂಲೆಗೇ ಬೀಳುತ್ತದೆ, ಬಿರುಕು ಅಲ್ಲಿಂದ ಶುರುವಾಗುತ್ತದೆ. ಮೇಲಿನ ಕಪ್ಪು ಬಣ್ಣ ಅದನ್ನು ಕಾಣಗೊಡುವುದಿಲ್ಲ. ಹಿಡಿ ಸ್ವಲ್ಪ ಅಲುಗಿದರೂ, ಕಡಿಯುವಾಗ ‘ಟಕ್’ ಎಂಬ ಸದ್ದು ಕೇಳಿದರೂ ಅಲ್ಲಿಗೇ ನಿಲ್ಲಿಸಿಬಿಡಿ.

ಬೆನ್ನಿನ ಗರಗಸದ ಹಲ್ಲುಗಳೂ ಬರೀ ತೋರಿಕೆ. ಸೌದೆ ಸೀಳಲು ಅಲಗಿನ ಬೆನ್ನಿಗೆ ಕಟ್ಟಿಗೆಯಿಂದ ಹೊಡೆಯಬೇಕು. ಹಲ್ಲಿದ್ದರೆ ಹೊಡೆಯುವ ಕಟ್ಟಿಗೆಯೇ ಪುಡಿಯಾಗುತ್ತದೆ, ಹಲ್ಲಿನ ಸಂದಿನಿಂದ ಅಲಗೂ ಬಿರುಕು ಬಿಡಬಹುದು.

ಕೊಳ್ಳುವಾಗ ಮೊದಲು ಹಿಡಿ ನೋಡಿ. ಅಲಗಿನ ಲೋಹ ಅದೇ ಅಗಲದಲ್ಲಿ ಹಿಡಿಯ ಕೊನೆಯವರೆಗೂ ಹೋಗಿರಬೇಕು, ಎರಡೂ ಬದಿಯ ಮರವನ್ನು ಮೂರು ರಿವೆಟ್ ಹಿಡಿದಿರಬೇಕು. ಊರ ಕಡೆಯ ಮಚ್ಚಿನಂತೆ ಲೋಹ ಮರದೊಳಗೆ ತೂರಿದ್ದರೆ, ತುದಿ ಹಿಂದಿನಿಂದ ಹೊರಬಂದು ಮಡಚಿರಬೇಕು, ಮುಂದೆ ಕಬ್ಬಿಣದ ಬಳೆ ಇರಬೇಕು. ಬೆನ್ನಿನ ದಪ್ಪ 4ರಿಂದ 6 ಮಿ.ಮೀ. ಇದ್ದರೆ ಸಾಕು. ‘ಸ್ಟೇನ್‌ಲೆಸ್’ ಎಂಬ ಮಾತಿಗೆ ಮರುಳಾಗಬೇಡಿ. ಕಡಿಯುವ ಉದ್ದ ಅಲಗಿಗೆ ತುಕ್ಕು ಹಿಡಿಯದ ಗುಣಕ್ಕಿಂತ ಪೆಟ್ಟು ತಾಳುವ ಗುಣ ಮುಖ್ಯ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕುಲುಮೆಯಲ್ಲಿ ಬಡಿದು ಸರಿಯಾಗಿ ಹದ ಕೊಟ್ಟ ಮಚ್ಚು ಇದಕ್ಕೆ ಎಷ್ಟೋ ಮೇಲು. ಬಳಸಿದ ಮೇಲೆ ಒರೆಸಿ ತೆಳುವಾಗಿ ಎಣ್ಣೆ ಸವರಿದರೆ ಆಯಿತು. ಹದ ತಿಳಿಯಲು ಅಲಗಿನ ಹರಿತ ಬಾಯಿಯ ಮೂಲೆಯಲ್ಲಿ ಲೋಹ ಉಜ್ಜುವ ಅರ ಆಡಿಸಿ: ಬೆಣ್ಣೆಯಂತೆ ಕಚ್ಚಿದರೆ ಮೆದು, ಗಾಜಿನ ಮೇಲೆ ಆಡಿಸಿದಂತೆ ಪೂರ್ತಿ ಜಾರಿದರೆ ಅತಿ ಗಡಸು, ಬಾಯಿ ಚೂರೇಳುವ ಭಯ. ಕಷ್ಟಪಟ್ಟು ಸ್ವಲ್ಪ ಕಚ್ಚುವುದು ಒಳ್ಳೆಯದು.

ಕಾನೂನಿನ ವಿಷಯ ಅನೇಕರಿಗೆ ಗೊತ್ತಿಲ್ಲ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ಸೈನಿಕರ ಕತ್ತಿಯಂತೆ ಕಾಣುವ ಚಾಕುವಿಗೆ ಆ ವಿನಾಯಿತಿ ಕೇಳುವುದು ಕಷ್ಟ. ಇನ್ನು 1972ರ ವನ್ಯಜೀವಿ ಕಾಯ್ದೆ ಚಾಕುವನ್ನೂ ಆಯುಧವೆಂದೇ ಎಣಿಸುತ್ತದೆ, ಲಿಖಿತ ಅನುಮತಿಯಿಲ್ಲದೆ ಅದನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಒಯ್ಯುವಂತಿಲ್ಲ. ಬನ್ನೇರುಘಟ್ಟ, ಕಾವೇರಿ, ಪುಷ್ಪಗಿರಿ, ಕುದುರೆಮುಖ ಎಲ್ಲವೂ ಇದರೊಳಗೆ ಬರುತ್ತವೆ. ಪುಷ್ಪಗಿರಿಯ ಕುಮಾರಪರ್ವತ ಹತ್ತುವವರು ಮಚ್ಚನ್ನು ಮನೆಯಲ್ಲೇ ಬಿಡಿ. ತೋಟ, ಎಸ್ಟೇಟ್‌ಗಳಿಗೆ ಒಯ್ಯುವಾಗ ಒರೆಯಲ್ಲಿಟ್ಟು ಸುತ್ತಿ ಡಿಕ್ಕಿಯಲ್ಲಿಡಿ.

ಟೊಳ್ಳು ಹಿಡಿಯ ಚಾಕು ಈಗಾಗಲೇ ನಿಮ್ಮಲ್ಲಿದ್ದರೆ ಅದರಿಂದ ಕಡಿಯಬೇಡಿ, ಇನ್ನೊಬ್ಬರಿಗೆ ಮಾರಲೂಬೇಡಿ. ಹಿಡಿ ಬಿಚ್ಚಿಸಿ ಗುಜರಿಗೆ ಹಾಕಿ.