ಸೀಳಿದ ಲಿಂಬೆ ಗಿಡಕ್ಕೆ ಸಗಣಿಯೋ, ಟ್ಯೂಬೋ, ಬೋಲ್ಟೋ?

ಕಳೆದ ಮೇ ತಿಂಗಳ ಬಿರುಗಾಳಿಗೆ ಇಂಡಿ ಹತ್ತಿರದ ನಮ್ಮ ತೋಟದಲ್ಲಿ ಮೂರು ಗಿಡ ಸೀಳಿದವು. ಮೂರು ವರ್ಷದ ಎರಡು ಲಿಂಬೆ, ಇನ್ನೊಂದು ಬದುವಿನ ಮೇಲಿನ ಮಾವು. ಮೂರೂ ಕವಲಿನಿಂದ ಕೆಳಗೆ ಗೇಣುದ್ದ ಬಾಯಿ ಬಿಟ್ಟಿದ್ದವು. ಮೂರಕ್ಕೂ ಬೇರೆ ಬೇರೆ ಉಪಾಯ ಮಾಡಿದೆ.

ಮೊದಲನೆಯ ಲಿಂಬೆಗೆ ನಮ್ಮ ಕಡೆಯ ಹಳೇ ಪದ್ಧತಿ. "ಸಗಣಿ, ಮಣ್ಣು ಕಲಸಿ ತುಂಬಿ ಬಿಡೋ ತಮ್ಮಾ, ತಾನ ಕೂಡ್ತೈತಿ" ಎಂದರು ಕಾಕಾ. ಸೀಳಿಗೆ ಮೆತ್ತಿ, ನೈಲಾನ್ ಹಗ್ಗದಿಂದ ಬಿಗಿದೆ. ಖರ್ಚಿಲ್ಲ, ಐದು ನಿಮಿಷದ ಕೆಲಸ. ಆದರೆ ಸೀಳಿನೊಳಗೆ ಮಣ್ಣು ಕೂತರೆ ಎರಡು ಪಾಲು ಒಂದಕ್ಕೊಂದು ತಾಗುವುದೇ ಇಲ್ಲ. ಮಳೆ ಹಿಡಿದ ಮೇಲೆ ಒಳಗೆ ತೇವ ನಿಂತಿತು, ತೊಗಟೆಯಿಂದ ಕಂದು ಅಂಟು ಸೋರತೊಡಗಿತು. ಹಗ್ಗ ಬಿಚ್ಚಿದಾಗ ಅದು ತೊಗಟೆಯೊಳಗೆ ಬಳೆಯಂತೆ ಇಳಿದಿತ್ತು. ಆ ಕೊಂಬೆಯನ್ನು ಕಡಿಯಬೇಕಾಯಿತು.

ಎರಡನೆಯದಕ್ಕೆ ಹಳೇ ಸೈಕಲ್ ಟ್ಯೂಬ್. ಗಾಳಿ ನಿಂತ ಕೂಡಲೇ ಹೋದೆ. ಸೀಳಿನ ಅಂಚಲ್ಲಿ ತೊಗಟೆಯ ಕೆಳಗೆ ತೆಳ್ಳನೆಯ ಹಸಿ ಪದರ ಇನ್ನೂ ಜಾರುವಷ್ಟು ತೇವವಾಗಿತ್ತು. ಅದೇ ಮುಖ್ಯ. ಮುರಿದ ಕಟ್ಟಿಗೆ ಮತ್ತೆ ಬೆಸೆಯುವುದಿಲ್ಲ. ಈ ಹಸಿ ಪದರದಿಂದ ಹುಟ್ಟುವ ಹೊಸ ಕಟ್ಟಿಗೆಯೇ ಸೀಳನ್ನು ಮುಚ್ಚಿಕೊಂಡು ಬರಬೇಕು. ಪದರ ಒಣಗಿದರೆ ಆ ಜಾಗದಲ್ಲಿ ಕೂಡುವುದಿಲ್ಲ. ಕಸ ತೆಗೆದು, ಮೇಲಿನ ಭಾರ ಕಡಿಮೆಯಾಗಲಿ ಎಂದು ಕೊಂಬೆ ಸ್ವಲ್ಪ ಸವರಿ, ಅಂಚಿಗೆ ಅಂಚು ಕೂಡಿಸಿದೆ. ಎರಡು ಬೆರಳಗಲದ ಟ್ಯೂಬ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿದೆ. ಬಿಸಿಲಿಗೆ ರಬ್ಬರ್ ಕಾಯಬಾರದಲ್ವಾ, ಮೇಲೆ ಗೋಣಿತಟ್ಟು. ಪಕ್ಕದಲ್ಲಿ ಎರಡು ಗೂಟ. ತಿಂಗಳಿಗೊಮ್ಮೆ ಬಿಚ್ಚಿ, ಸಡಿಲ ಮಾಡಿ, ಮತ್ತೆ ಸುತ್ತಿದೆ. ಬೇಸರದ ಕೆಲಸ, ಆದರೆ ಬಿಟ್ಟರೆ ಟ್ಯೂಬೂ ಕಾಂಡವನ್ನು ಕೊರೆಯುತ್ತದೆ. ದೀಪಾವಳಿ ಹೊತ್ತಿಗೆ ಸೀಳಿನ ಎರಡೂ ಅಂಚಲ್ಲಿ ತುಟಿಯಂತೆ ಉಬ್ಬಿ, ನಡುವೆ ಬರೀ ಒಂದು ಗೆರೆ ಉಳಿದಿತ್ತು. ಬೆರಳಾಡಿಸಿ ನೋಡಿದಾಗ ಆದ ಖುಷಿ ಹೇಳಲಾರೆ.

ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮನ್ನು ಕೊಂಬೆ ಸವರಿದ ಗಾಯಗಳಿಗೆ ಮಾತ್ರ ಹಚ್ಚಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ನಾನು ಇದರ ಹತ್ತನೇ ಒಂದು ಪಾಲು ಮಾಡಿದೆ, ಸಾಕಾಯಿತು. ಪ್ಲಾಸ್ಟಿಕ್ ಬಕೆಟ್ಟಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ. ಸೀಳಿನೊಳಗೆ ಸುರಿಯಲೂ ಬೇಡಿ, ಕೂಡಬೇಕಾದ ಹಸಿ ಪದರಕ್ಕೆ ಪೆಟ್ಟು.

ಮಾವಿಗೆ ಬೋಲ್ಟ್ ಹಾಕಿಸಿದೆ. ಕಾಂಡ ತೋಳಿನಷ್ಟು ದಪ್ಪವಿತ್ತು, ಕೊಂಬೆಯ ಭಾರವೂ ಜಾಸ್ತಿ. ಡ್ರಿಲ್ಲಿನಿಂದ ಆರಪಾರ ತೂತು, ಎರಡೂ ಕಡೆ ವಾಷರ್. ಇಂದಿಗೂ ಅಲ್ಲಾಡಿಲ್ಲ. ಬೋಲ್ಟ್ ತೆಗೆಯುವ ಹಾಗಿಲ್ಲ, ಮರ ಬೆಳೆದಂತೆ ಅದನ್ನೇ ನುಂಗುತ್ತದೆ. ಸಲಿಕೆ ಹಿಡಿಯಷ್ಟು ತೆಳುವಾದ ಲಿಂಬೆಗೆ ಮಾತ್ರ ಇದನ್ನು ಮಾಡಬೇಡಿ, ತೂತಿನಿಂದಲೇ ಮತ್ತೆ ಸೀಳುತ್ತದೆ.

ಎಳೆ ಗಿಡಕ್ಕೆ ನನ್ನ ಆಯ್ಕೆ ಟ್ಯೂಬ್, ಅದೂ ಸೀಳಿದ ದಿನವೇ. ಈ ಸಲ ಬೇಸಿಗೆಗೆ ಮುಂಚೆ ಸಾಲು ಸಾಲು ತಿರುಗಿ, ಎರಡು ಕೊಂಬೆ ಇಕ್ಕಟ್ಟಾಗಿ ಒತ್ತಿಕೊಂಡ ಕವಲು ಕಂಡಲ್ಲೆಲ್ಲ ಒಂದನ್ನು ತೆಗೆದಿದ್ದೇನೆ. ಹೋದ ವರ್ಷ ಸೀಳಿದ ಮೂರೂ ಅಂಥವೇ ಆಗಿದ್ದವು.