ಜಪಾನ್, ಚೀನಾ, ಭಾರತ: ಶ್ರೀಲಂಕಾದಲ್ಲಿ ಮೂವರ ಸಾಲದ ದಾರಿಗಳಲ್ಲಿ ಪಯಣಿಸಿದಾಗ

ಶ್ರೀಲಂಕಾದಲ್ಲಿ ಪ್ರಭಾವಕ್ಕಾಗಿ ಪೈಪೋಟಿ ನಡೆಸುತ್ತಿರುವ ಮೂರು ದೇಶಗಳ ಸಾಲದಿಂದ ಆದ ದಾರಿಗಳಲ್ಲಿ ನಾನು ಪ್ರಯಾಣಿಸಿದ್ದೇನೆ. ಯಾರ ಕಾಮಗಾರಿ ಗಟ್ಟಿ ಎಂಬುದಕ್ಕಿಂತ, ಕಟ್ಟಿದ್ದು ಯಾರ ಓಡಾಟಕ್ಕೆ ಒದಗಿತು ಎಂಬುದೇ ಮುಖ್ಯವೆಂದು ನನಗೆ ಅನ್ನಿಸಿದೆ.

ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕೊಲಂಬೊ ಬಳಿಯ ಕೊಟ್ಟಾವದಿಂದ ಗಾಲೆವರೆಗಿನ ಭಾಗ ಜಪಾನ್ ಹಾಗೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಆಗಿ 2011ರಲ್ಲಿ ತೆರೆಯಿತು. ಮಾತರದಿಂದ ಹಂಬನ್‌ತೋಟದ ಕಡೆಗಿನ ಭಾಗ ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕಿನ ಸಾಲದಿಂದ ಆಗಿ 2020ರಲ್ಲಿ ತೆರೆಯಿತು. ರಸ್ತೆಯ ನುಣುಪಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಗಾಲೆಯ ಬಸ್ಸುಗಳು ತುಂಬಿ ಹೋಗುತ್ತಿದ್ದವು. ಮಾತರ ದಾಟಿದ ಮೇಲೆ ವಾಹನಗಳು ವಿರಳವಾದವು.

ಆ ದಾರಿಯ ತುದಿಯಲ್ಲಿರುವ ಹಂಬನ್‌ತೋಟ ಬಂದರಿನ ಮೊದಲ ಹಂತಕ್ಕೆ ಚೀನಾದಿಂದ ಪಡೆದ ಸುಮಾರು 30.7 ಕೋಟಿ ಡಾಲರ್ ಸಾಲದ ಬಡ್ಡಿ ಶೇ. 6.3. ಜಪಾನಿನ ಅಭಿವೃದ್ಧಿ ಸಾಲಗಳ ಬಡ್ಡಿ ಇದಕ್ಕಿಂತ ಬಹಳ ಕಡಿಮೆ, ಮರುಪಾವತಿಯ ಅವಧಿಯೂ ದೀರ್ಘ. ನಿರೀಕ್ಷಿಸಿದಷ್ಟು ಹಡಗುಗಳು ಬಾರದೆ, 2017ರಲ್ಲಿ ಬಂದರನ್ನು 112 ಕೋಟಿ ಡಾಲರ್‌ಗೆ ಚೀನಾದ ಕಂಪನಿಯೊಂದಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಸಾಲಕ್ಕೆ ಬದಲಾಗಿ ಬಂದರನ್ನು ಕಿತ್ತುಕೊಂಡರು ಎಂದು ನಮ್ಮಲ್ಲಿ ಹೇಳುವುದುಂಟು, ಅದು ಸರಿಯಲ್ಲ. ಗುತ್ತಿಗೆಯ ಹಣ ಬಂದರೂ ಸಾಲ ಹಾಗೆಯೇ ಉಳಿಯಿತು. ಬಂದರು ಕಟ್ಟುವಾಗ ಅಧ್ಯಕ್ಷರಾಗಿದ್ದ ಮಹಿಂದ ರಾಜಪಕ್ಸರ ತವರು ಜಿಲ್ಲೆಯಲ್ಲಿ ಇಷ್ಟೆಲ್ಲ ಕಟ್ಟುವ ತೀರ್ಮಾನ ಕೊಲಂಬೊದಲ್ಲೇ ಆಗಿದ್ದರಿಂದ, ಹೊಣೆಯನ್ನೆಲ್ಲ ಬೀಜಿಂಗ್ ಮೇಲೆ ಹೊರಿಸುವುದು ನ್ಯಾಯವಲ್ಲ.

ನನ್ನ ಮನಸ್ಸು ಒಲಿದದ್ದು ಉತ್ತರದ ರೈಲಿಗೆ. ಅಂತರ್ಯುದ್ಧದಿಂದಾಗಿ 1990ರಲ್ಲಿ ನಿಂತುಹೋಗಿದ್ದ ಜಾಫ್ನಾ ಮಾರ್ಗವನ್ನು ಭಾರತದ ಸಾಲದ ನೆರವಿನಿಂದ ಭಾರತ ಸರ್ಕಾರದ ರೈಲು ನಿರ್ಮಾಣ ಸಂಸ್ಥೆ ಇರ್ಕಾನ್ ಮತ್ತೆ ಕಟ್ಟಿತು. 2014ರ ಅಕ್ಟೋಬರ್‌ನಲ್ಲಿ ಯಾಳ್ ದೇವಿ ರೈಲು ಪುನಃ ಜಾಫ್ನಾ ತಲುಪಿತು. ವವುನಿಯಾ ದಾಟಿದ ಮೇಲೂ ಬೋಗಿಯಲ್ಲಿ ಕೂರಲು ಜಾಗವಿರಲಿಲ್ಲ. ಕಿಲಿನೊಚ್ಚಿಯಲ್ಲಿ ವಿದ್ಯಾರ್ಥಿಗಳು, ಗಂಟುಮೂಟೆ ಹೊತ್ತ ಹಿರಿಯರು ಇಳಿದರು. ಇಲ್ಲಿ ಹೊಸ ಬೇಡಿಕೆಯನ್ನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ, ಜನರ ಓಡಾಟ ಮೊದಲೇ ಇತ್ತು.

ಹಾಗೆಂದು ಭಾರತದ ಯೋಜನೆಗಳೆಲ್ಲ ದಡ ಸೇರಿಲ್ಲ. ಭಾರತ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಪಾಲುದಾರಿಕೆಯ ಸಂಪೂರ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ವರ್ಷಗಟ್ಟಲೆ ಮಾತುಕತೆಯಲ್ಲೇ ಉಳಿದು 2016ರಲ್ಲಿ ರದ್ದಾಯಿತು. ಜಪಾನ್ ಸಾಲದ ಕೊಲಂಬೊ ಲಘು ರೈಲು ಯೋಜನೆಯನ್ನು ಶ್ರೀಲಂಕಾ ಸರ್ಕಾರವೇ 2020ರಲ್ಲಿ ಕೈಬಿಟ್ಟಿತು. ಕೊಲಂಬೊದ ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡವರಿಗೆ ಆ ನಷ್ಟದ ಅರಿವಿದೆ. ಚೀನಾ ಒಪ್ಪಿಕೊಂಡ ಕೆಲಸವನ್ನು ಬೇಗ ಮುಗಿಸುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಇಂಥದೊಂದು ದೇಶ ನನ್ನ ಸಲಹೆ ಕೇಳಿದರೆ, ಜಪಾನಿನ ಬಡ್ಡಿದರಕ್ಕೆ ಜಾಫ್ನಾ ಮಾರ್ಗದಂಥ ಕೆಲಸವನ್ನೇ ಮೊದಲು ಕೈಗೆತ್ತಿಕೊಳ್ಳಿ ಎನ್ನುತ್ತೇನೆ.